ಉರಿ ಅಡಗಿಸೇನಿ, ಬಾಳವ್ವಾ

ಹುಕ್ಕೇರಿ
18 ನವೆಂಬರ್ 2024

ತುಕ್ಕಾನಟ್ಟಿಯ ಶಿವಗಂಗವ್ವ ದೊಡ್ಡವ್ವನಿಗೆ ಶೋಭಾಳ ಶರಣು.

ನಿನಗೆ ಫೋನು ಕಳಿಸಿ ಪೆದ್ದಿಯಾದೆ. ಕಿವಿ ಕೇಳದಿದ್ದರೇನು, ಮೆಸೇಜಾದರೂ ಬರೆಯುತ್ತೀ ಎಂದುಕೊಂಡಿದ್ದೆ. ಲಕ್ಷ್ಮಣಣ್ಣ ಅದನ್ನು ವಾಪಸು ತಂದುಕೊಟ್ಟು, ನೀನು ಹೇಳಿದ್ದನ್ನು ನಿನ್ನ ದನಿಯಲ್ಲೇ ಹೇಳಿ ತೋರಿಸಿದ. "ಇಪ್ಪತ್ತ ವರ್ಷ ಗಾಣದ ಒಲಿ ಮುಂದ ಕೂತ ಕೈ ಇವು. ಎಷ್ಟ ಒತ್ತಿದ್ರೂ ಆ ಗಾಜಿಗೆ ಗೊತ್ತ ಆಗವಲ್ದು." ನಕ್ಕು ನಕ್ಕು ಸಾಕಾಯಿತು. ಇರಲಿ, ಅಂಚೆಯವನಿಗೂ ಒಂದಿಷ್ಟು ಕೆಲಸ ಬೇಕು. ನಿನ್ನ ಏಳನೇ ಇಯತ್ತೆಯ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿದೆ, ಅದನ್ನೇ ನೋಡೋಣ.

ಮೊನ್ನೆ ಒಂಬತ್ತನೆಯ ತರಗತಿಗೆ "ಅಡಗಿಸು" ಎಂಬ ಪದ ಕೊಟ್ಟು ಸ್ವಂತ ವಾಕ್ಯ ಬರೆಯಿರಿ ಎಂದೆ. ರಾಜನು ದಂಗೆಯನ್ನು ಅಡಗಿಸಿದನು ಎಂದು ಅರ್ಧ ತರಗತಿ ಬರೆಯಿತು. ಒಬ್ಬ "ಎರಡು ಚಪಾತಿ ತಿಂದು ಹಸಿವು ಅಡಗಿಸಿದೆ" ಎಂದ. ಇನ್ನೊಬ್ಬ "ಶೋಭಾ ಟೀಚರು ಕಣ್ಣಿನಿಂದಲೇ ಗದ್ದಲ ಅಡಗಿಸುತ್ತಾರೆ" ಎಂದು ಬರೆದು ನನ್ನ ಮುಖ ನೋಡುತ್ತ ಕೂತಿದ್ದ. ಒಬ್ಬ ಹುಡುಗಿ "ನಮ್ಮ ಅಪ್ಪ ನಮ್ಮ ಅವ್ವನ ಬಾಯಿ ಅಡಗಿಸುತ್ತಾನೆ" ಎಂದು ಬರೆದಿದ್ದಳು. ವ್ಯಾಕರಣ ಸರಿ ಇತ್ತು, ಸರಿ ಗುರುತು ಹಾಕಿದೆ. ನಿಮ್ಮ ಕಡೆ ಈ ಮಾತನ್ನು ಎಲ್ಲೆಲ್ಲಿ ಬಳಸುತ್ತೀರಿ, ಬರೆದು ಕಳಿಸು. ಮಕ್ಕಳಿಗೆ ಓದಿ ಹೇಳುತ್ತೇನೆ.

ನಮ್ಮ ಅತ್ತೆ ಬಾಳವ್ವ ದಸರೆಯಿಂದ ಬೆಲ್ಲದ ಬಾಗೇವಾಡಿ ಬಿಟ್ಟು ನಮ್ಮಲ್ಲೇ ಇದ್ದಾರೆ. ಮರೆವು ಜಾಸ್ತಿಯಾಗಿದೆ. ಸ್ವಲ್ಪ ಗದ್ದಲ ಮಾಡುತ್ತಾರೆ, ಅಷ್ಟೇ. ಇವರೂ ಆರಾಮ.

ನಿನ್ನ
ಶೋಭಾ


ತುಕ್ಕಾನಟ್ಟಿ
26 ನವೆಂಬರ್ 2024

ಶೋಭಾಗೆ ದೊಡ್ಡವ್ವನ ಆಶೀರ್ವಾದ. ಯಲ್ಲಪ್ಪನಿಗೂ.

ನಿನ್ನ ಕಾಗದ ಬಂದ ದಿನ ಎರಡು ಸಲ ಓದಿದೆ, ಮರುದಿನ ಮತ್ತೊಮ್ಮೆ. ಟೀಚರಾಗಿ ಇಷ್ಟು ಸಣ್ಣ ಕಾಗದ ಬರೆದರೆ ಹೇಗೆ?

ಅಡಗಿಸುವುದಕ್ಕೆ ರಾಜ ಯಾಕೆ ಬೇಕು? ಅಂಗಳಕ್ಕೆ ನೀರು ಹೊಡೆದು ಧೂಳು ಅಡಗಿಸುತ್ತೇವೆ. ಕೂಸಿಗೆ ಬಿಕ್ಕು ಹತ್ತಿದರೆ ಒಂದು ಚಿಟಿಕೆ ಸಕ್ಕರೆ ಇಟ್ಟು ಬಿಕ್ಕು ಅಡಗಿಸುತ್ತೇವೆ. ಬಿಸಿಲಲ್ಲಿ ಬಂದವರ ನೀರಡಿಕೆಯನ್ನು ಮಜ್ಜಿಗೆ ಅಡಗಿಸುತ್ತದೆ. ಒಲೆಯ ಉರಿ, ಹಲ್ಲಿನ ನೋವು, ಹೊಸದಾಗಿ ಕಟ್ಟಿದ ಎತ್ತಿನ ಜಿಗಿದಾಟ, ಎಲ್ಲವನ್ನೂ ಅಡಗಿಸುತ್ತೇವೆ. ಸೊಕ್ಕನ್ನಂತೂ ಅಡಗಿಸಲೇಬೇಕು.

ಅದಕ್ಕೇ ಹೇಳುತ್ತೇನೆ ಕೇಳು. ನಿನ್ನ ಅತ್ತೆ ಗದ್ದಲ ಮಾಡುತ್ತಾಳೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀ. ನನಗೆ ಅಷ್ಟೇ ಸಾಕು. ನನ್ನ ಅತ್ತೆಯೂ ಹೀಗೇ ಇದ್ದಳು. ರೊಟ್ಟಿ ದಪ್ಪ ಅಂದರೆ ದಪ್ಪ, ತೆಳು ಅಂದರೆ ತೆಳು. ಒಂದು ದಿನ ಹಿಟ್ಟಿನ ಪರಾತವನ್ನೇ ಅವಳ ಮುಂದೆ ಇಟ್ಟು "ನೀವ ಬಡೀರಿ, ನಾ ತಿಂದ ಹೆಸರ ಇಡತೇನಿ" ಅಂದೆ. ಅವತ್ತಿಗೆ ಅಡಗಿತು. ನೀನು ದುಡಿಯುವ ಹೆಣ್ಣು. ತಗ್ಗಿ ತಗ್ಗಿ ನಡೆದರೆ ತಲೆಯ ಮೇಲೆ ಕೂರುತ್ತಾಳೆ. ಮೊದಲೇ ಗಟ್ಟಿಯಾಗಿ ಹೇಳಿಬಿಡು.

ಇಲ್ಲಿ ಬೆಲ್ಲದ ಗಾಣ ಶುರುವಾಗಿದೆ. ಲಕ್ಷ್ಮಣ, ಸೊಸೆ ರಾಜೇಶ್ವರಿ, ಮೊಮ್ಮಗ ಅಭಿಷೇಕ ಎಲ್ಲರೂ ಅಲ್ಲೇ. ನಾನು ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ನೋಡುತ್ತೇನೆ. ಮನೆ ಬಹಳ ಶಾಂತವಾಗಿದೆ. ಬೇಗ ಬರೆ.

ದೊಡ್ಡವ್ವ


ಹುಕ್ಕೇರಿ
9 ಡಿಸೆಂಬರ್ 2024

ದೊಡ್ಡವ್ವಾ,

ಪರಾತದ ಕತೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆದರೆ ನೀನು ತಿಳಿದುಕೊಂಡ ಹಾಗಲ್ಲ. ಬಾಳವ್ವ ಅತ್ತೆ ನನ್ನನ್ನು ಒಂದು ದಿನವೂ ಏರುದನಿಯಲ್ಲಿ ಮಾತಾಡಿಸಿದವರಲ್ಲ. ಈಗ ನಾನು ಯಾರೆಂಬುದೇ ಅವರಿಗೆ ನೆನಪಿಲ್ಲ. ಯಾರ ಮಗಳವ್ವಾ ನೀ ಎಂದು ದಿನಾ ಕೇಳುತ್ತಾರೆ. ಅಷ್ಟು ಮೆತ್ತಗಿನವರು ಸಂಜೆ ನಾನು ಹಾಲು ಕಾಯಲು ಇಟ್ಟ ಹೊತ್ತಿಗೆ ಎದ್ದು ನಿಂತು ಕೂಗಲು ಶುರು ಮಾಡುತ್ತಾರೆ. ಕತ್ತಿನ ನರ ಉಬ್ಬುವ ಹಾಗೆ ಕೂಗುತ್ತಾರೆ. ಓಣಿಯ ತುದಿಯ ಅಂಗಡಿಗೆ ಕೇಳುತ್ತದೆ. ಕೈ ಹಿಡಿದು ಕೂಡಿಸಿದರೆ ಕೊಸರಿಕೊಳ್ಳುತ್ತಾರೆ. ರಮಿಸಿದೆ, ಗದರಿಸಿದೆ, ವಚನ ಹಾಡಿದೆ, ಟಿವಿ ಹಚ್ಚಿದೆ. ಅರ್ಥವಿಲ್ಲದ ಕೂಗು ದೊಡ್ಡವ್ವಾ, ದನಿ ಬಿದ್ದುಹೋಗುವವರೆಗೂ ನಿಲ್ಲುವುದಿಲ್ಲ.

ಮನೆ ಮಾಲಕರು ಮೇಲಿನ ಮಹಡಿಯಲ್ಲೇ ಇರುತ್ತಾರೆ. ಅವರ ಮಗಳಿಗೆ ಪರೀಕ್ಷೆ. ಸಂಕ್ರಾಂತಿಯೊಳಗೆ ಇದು ನಿಲ್ಲದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂದಿದ್ದಾರೆ. ಇನ್ನೊಂದು ಮನೆಗೆ ಹೋದರೂ ಇದೇ ಕೂಗು ತಾನೇ? ಗೋಕಾಕದ ಡಾಕ್ಟರು ಒಂದು ಗುಳಿಗೆ ಕೊಟ್ಟಿದ್ದಾರೆ. ಸಂಜೆ ಒಂದು. ಅದರಿಂದ ಕೂಗು ತಗ್ಗಿದೆ, ನಿಂತಿಲ್ಲ.

ಇದನ್ನೆಲ್ಲ ಬರೆದು ನಿನ್ನ ಸಂತೋಷದ ಹೊತ್ತನ್ನು ಹಾಳು ಮಾಡಬಾರದು. ಅಭಿಷೇಕನಿಗೆ ಗೋಕಾಕದ ಹುಡುಗಿ ಗೊತ್ತಾಗಿ ಫೆಬ್ರುವರಿಯಲ್ಲಿ ನಿಶ್ಚಯ ಎಂದು ರಾಜೇಶ್ವರಿ ಅತ್ತಿಗೆ ಫೋನು ಮಾಡಿದ್ದಳು. ಅಜ್ಜಿಯ ಸಡಗರ ಕೇಳಬೇಕೆ? ಹುಡುಗಿಗೆ ಯಾವ ಬಣ್ಣದ ಸೀರೆ ತೆಗೆದಿರಿ, ಬರೆ.

ಶೋಭಾ


ಹುಕ್ಕೇರಿ
27 ಡಿಸೆಂಬರ್ 2024

ದೊಡ್ಡವ್ವಾ,

ನಿನ್ನ ಉತ್ತರವೇ ಬರಲಿಲ್ಲ. ನಾಲ್ಕು ದಿನಕ್ಕೆ ಉತ್ತರ ಬರೆಯುವವಳು ಸುಮ್ಮನಾಗಿದ್ದೀ. ಪರಾತದ ಕತೆಯನ್ನು ಎಲ್ಲರಿಗೂ ಹೇಳಿದ್ದಕ್ಕೆ ಸಿಟ್ಟೇ? ತಡೆಯಲಾರದೆ ಲಕ್ಷ್ಮಣಣ್ಣನಿಗೆ ಫೋನು ಮಾಡಿದೆ. "ಅವ್ವ ಆರಾಮ ಅದಾಳ ಬಿಡು. ಈಗೀಗ ಮಾತ ಆಡೂದನ ಬಿಟ್ಟಾಳ. ವಯಸ್ಸಾತು, ಶಾಂತ ಆಗ್ಯಾಳ" ಎಂದ. ನೀನು ಶಾಂತವಾದದ್ದನ್ನು ನಾನಂತೂ ಹುಟ್ಟಿದಾಗಿನಿಂದ ನೋಡಿಲ್ಲ. ಅಣ್ಣ ನಗುತ್ತಲೇ ಹೇಳಿದ, ನನಗೆ ಮಾತ್ರ ನಗು ಬರಲಿಲ್ಲ.

ನಮ್ಮ ಮನೆಯೂ ಈಗ ಶಾಂತವಾಗಿದೆ. ಇವರು ಗುಳಿಗೆಯನ್ನು ಎರಡು ಮಾಡಿದರು. ಡಾಕ್ಟರನ್ನು ಕೇಳಲಿಲ್ಲ. ನಾನು ಬೇಡ ಎನ್ನಲಿಲ್ಲ. ಅತ್ತೆಯವರು ಈಗ ಕೂಗುವುದಿಲ್ಲ. ಕೂಡಿಸಿದಲ್ಲಿ ಕೂರುತ್ತಾರೆ. ಬಾಯಿಗೆ ರೊಟ್ಟಿ ಇಟ್ಟರೆ ಅಗಿಯುವುದನ್ನು ಮರೆತು ಹಾಗೇ ಇಟ್ಟುಕೊಳ್ಳುತ್ತಾರೆ, ನಾನು ಗದ್ದ ಹಿಡಿದು ನೆನಪಿಸಬೇಕು. ಯಾರ ಮಗಳು ನೀನು ಎಂದು ಕೇಳುವುದೂ ನಿಂತಿದೆ. ಮಾಲಕರು ಖುಷಿಯಾಗಿ ಕರದಂಟಿನ ಡಬ್ಬಿ ಕಳಿಸಿದರು. ನನಗೆ ಬೇಕಾಗಿದ್ದದ್ದು ಇದೇ, ದೊಡ್ಡವ್ವಾ. ಆದರೆ ಆ ಡಬ್ಬಿ ತೆರೆಯಲು ಮನಸ್ಸಾಗುತ್ತಿಲ್ಲ.

ಬೈದಾದರೂ ಬರೆ.

ಶೋಭಾ


ತುಕ್ಕಾನಟ್ಟಿ
2 ಜನವರಿ 2025

ಶೋಭಾ,

ಸಿಟ್ಟಿಲ್ಲ. ನಿನ್ನ ಮೇಲೆ ಯಾಕೆ ಸಿಟ್ಟು?

ಅಭಿಷೇಕನ ನಿಶ್ಚಯದ ಸುದ್ದಿಯನ್ನು ನಿನ್ನ ಕಾಗದದಲ್ಲಿ ಓದಿದೆ. ಸೀರೆಯ ಬಣ್ಣ ನನಗೆ ಗೊತ್ತಿಲ್ಲ.

ನಿನಗೊಂದು ಮಾತು ಕೇಳಬೇಕು. ನಿನ್ನ ಅತ್ತೆ ಎಷ್ಟು ಜೋರು ಕೂಗುತ್ತಾಳೆ ಎಂದು ಬರೆದೆ. ಯಾವಾಗ ಕೂಗುತ್ತಾಳೆ, ಯಾರ ಯಾರ ನಿದ್ದೆ ಓದು ಕೆಡುತ್ತದೆ, ಎಲ್ಲ ಬರೆದೆ. ಏನೆಂದು ಕೂಗುತ್ತಾಳೆ ಎಂದು ಮಾತ್ರ ಬರೆಯಲಿಲ್ಲ. ಮಕ್ಕಳಿಗೆ ಮಾತು ಕಲಿಸುವವಳು ನೀನು. ಅರ್ಥವಿಲ್ಲ ಎಂದು ಯಾರು ಹೇಳಿದರು? ಇದ್ದದ್ದನ್ನು ಇದ್ದ ಹಾಗೆ ಬರೆ.

ದೊಡ್ಡವ್ವ


ಹುಕ್ಕೇರಿ
8 ಜನವರಿ 2025

ದೊಡ್ಡವ್ವಾ,

ನಿಶ್ಚಯದ ಬಗ್ಗೆ ನೀನು ಬರೆದ ಸಾಲನ್ನು ಮೂರು ಸಲ ಓದಿದೆ. ನಿನಗೆ ಹೇಳಿಯೇ ಇರುತ್ತಾರೆ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿದ್ದು ಹೇಗೆ ಹೇಳದೆ ಹೋದರು? ನಾನು ಸೀರೆಯ ಬಣ್ಣ ಬೇರೆ ಕೇಳಿದೆ. ನನಗೆ ಬಹಳ ಕೆಟ್ಟನಿಸಿದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಓದಿದ ಮೇಲೆ ಈ ಹಾಳೆಯನ್ನು ಸುಟ್ಟುಬಿಡು. ಅತ್ತೆಯವರು ಕೂಗುವುದು ಒಂದೇ ಮಾತು.

"ಲಗಮಣ್ಣಾ, ಬಂತೋ, ಉಕ್ಕಿ ಬಂತೋ. ನನ್ನ ಕೈಲೆ ತಡಿಯಾಕ ಆಗವಲ್ದೋ, ಲಗಮಣ್ಣಾ."

ನಮ್ಮ ಮಾವನವರ ಹೆಸರು ಲಗಮಣ್ಣ ಅಲ್ಲ. ಮನೆತನದಲ್ಲಿ, ಬಾಗೇವಾಡಿಯ ಓಣಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಅತ್ತೆಯವರ ತವರು ಮೂಡಲಗಿಯ ಹತ್ತಿರ, ಆದರೆ ಕೇಳೋಣವೆಂದರೆ ಅಲ್ಲೂ ಈಗ ಅವರ ಕಡೆಯವರು ಉಳಿದಿಲ್ಲ. ಪಕ್ಕದ ಮನೆಯ ಸಾವಂತ್ರೆವ್ವ ಹಗಲಲ್ಲಿ ಅತ್ತೆಯವರ ಮೇಲೆ ಕಣ್ಣಿಡುತ್ತಾಳೆ, ಒಳ್ಳೆಯವಳೇ. ಆದರೆ ಒಂದು ಸಂಜೆ ಸೆರಗು ಬಾಯಿಗೆ ಹಿಡಿದು ನಕ್ಕು, "ಹಳೇದ ಎಲ್ಲಾ ಹೊರಗ ಬರಾಕತ್ತೈತಿ ನೋಡ್ರಿ" ಎಂದಳು. ಅದು ಇವರ ಕಿವಿಗೆ ಬಿತ್ತು. ಇವರು ಅವತ್ತು ಊಟ ಮಾಡಲಿಲ್ಲ. "ನಮ್ಮಪ್ಪನ ಹೆಸರ ಒಂದ ದಿನಾ ಬಾಯಾಗ ತಗೀಲಿಲ್ಲ ಆಕಿ. ಇಂವ ಯಾರ?" ಎಂದರು. ಗುಳಿಗೆ ಎರಡಾದದ್ದು ಮಾಲಕರಿಗಾಗಿ ಅಲ್ಲ ದೊಡ್ಡವ್ವಾ, ಆ ಹೆಸರಿಗಾಗಿ.

ಶೋಭಾ


ತುಕ್ಕಾನಟ್ಟಿ
13 ಜನವರಿ 2025

ಶೋಭಾ,

ನಿನ್ನ ಹಾಳೆ ಸುಡಲಿಲ್ಲ. ಮೊದಲು ನಕ್ಕೆ. ಹೊರಸಿನ ಮೇಲೆ ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ರಾಜೇಶ್ವರಿ ಓಡಿ ಬಂದಳು. ಆಮೇಲೆ ಅತ್ತುಬಿಟ್ಟೆ. ಅದನ್ನು ಯಾರೂ ನೋಡಲಿಲ್ಲ.

ಲಗಮಣ್ಣ ಯಾರೆಂದು ನನಗೆ ಗೊತ್ತಿಲ್ಲ. ಆದರೆ ಅವನು ಎಲ್ಲಿ ಕೂತಿದ್ದ ಎಂದು ಗೊತ್ತು. ನಾನು ಇಪ್ಪತ್ತು ವರ್ಷ ಕೂತ ಹಾಗೆ, ಅವನು ಒಲೆಯ ಬಾಯಿಗೆ ಕೂತಿದ್ದ.

ಬೆಲ್ಲದ ಗಾಣದಲ್ಲಿ ಕಡಾಯಿಯ ಹತ್ತಿರ ನಿಂತವರಿಗೆ ಉರಿ ಕಾಣುವುದಿಲ್ಲ. ಒಲೆಯ ಬಾಯಿ ಹಿಂದೆ, ಕೆಳಗೆ ತಗ್ಗಿನಲ್ಲಿರುತ್ತದೆ. ಹಿಂಡಿದ ಕಬ್ಬಿನ ಸಿಪ್ಪೆ ತುರುಕುತ್ತ ಅಲ್ಲಿ ಕೂತವರಿಗೆ ಕಡಾಯಿ ಕಾಣುವುದಿಲ್ಲ. ರಸ ಕುದಿದು ನೊರೆ ಮೇಲೆ ಬಂದಾಗ ಮೇಲಿನವರು ಔಡಲೆಣ್ಣೆ ಚಿಮುಕಿಸಿ ಅಡಗಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೆಳಗಿನವನ ಹೆಸರು ಹಿಡಿದು ಕೂಗಬೇಕು. ಅವನು ಉರಿಯುವ ಸಿಪ್ಪೆಯನ್ನು ಹೊರಗೆ ಎಳೆದು, ಮೇಲಿನವರ ಹೆಸರು ಹಿಡಿದು, ಉರಿ ಅಡಗಿಸೇನಿ ಎಂದು ಉತ್ತರ ಕೊಡಬೇಕು. ಇಂಜಿನ್ನಿನ ಸಪ್ಪಳದಲ್ಲಿ ದನಿ ಮುಟ್ಟದಿದ್ದರೆ ತಗ್ಗಿನಿಂದ ಕೈ ಎತ್ತಿ ತೋರಿಸಬೇಕು. ಉತ್ತರ ಬರುವ ತನಕ ಮೇಲಿನವರು ಕೂಗು ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಕಾದ ರಸ ಕಡಾಯಿ ದಾಟಿ ಕೆಳಗೆ ಕೂತವನ ಮೈಮೇಲೆ ಬೀಳುತ್ತದೆ.

ನಿನ್ನ ಅತ್ತೆ ತವರಿನ ಗಾಣದಲ್ಲಿ ಕಡಾಯಿ ಕಾದವಳು. ನೀನು ಹಾಲು ಕಾಯಲು ಇಟ್ಟಾಗ ಆಕೆಗೆ ಅದು ನೆನಪಾಗುತ್ತದೆ. ಒಬ್ಬ ಮನುಷ್ಯನನ್ನು ಉಳಿಸಲು ಕೂಗುತ್ತಾಳೆ, ನೀವು ಗುಳಿಗೆ ಕೊಟ್ಟು ಕೂಡಿಸಿದ್ದೀರಿ. ಆಕೆಯ ಪಾಲಿಗೆ ಅವನು ಇನ್ನೂ ಕೆಳಗೇ ಇದ್ದಾನೆ. ಪರಗಂಡಸಿನ ಹೆಸರು ಕೂಗುವುದು ತಪ್ಪಾದರೆ ಮೂಡಲಗಿ ಸೀಮೆಯಲ್ಲಿ ಮರ್ಯಾದೆ ಉಳಿದ ಹೆಂಗಸು ಒಬ್ಬಳೂ ಇಲ್ಲ ಎಂದು ಯಲ್ಲಪ್ಪನಿಗೆ ಹೇಳು. ಸಾವಂತ್ರೆವ್ವನಿಗೂ ಹೇಳು.

ಆಕೆಯ ಸೊಕ್ಕು ಅಡಗಿಸು ಎಂದು ನಾನು ಬರೆದೆನಲ್ಲ, ಅದನ್ನು ಹೊಡೆದುಹಾಕು. ಆಕೆಗೆ ಬೇಕಾದದ್ದು ಒಂದು ಉತ್ತರ.

ನನ್ನದನ್ನೂ ಹೇಳಿಬಿಡುತ್ತೇನೆ. ಕಿವಿ ಹೋದಾಗ ಮೊದಮೊದಲು ಎಲ್ಲದಕ್ಕೂ ಏನದು ಏನದು ಎಂದು ಕೇಳುತ್ತಿದ್ದೆ. ಲಕ್ಷ್ಮಣ ಕೆಟ್ಟವನಲ್ಲ. ಒಂದು ಮಾತನ್ನು ನಾಲ್ಕು ಸಲ ಕೂಗಿ ಹೇಳಿ ದಣಿಯುತ್ತಿದ್ದ. ಆಮೇಲೆ ಏನಿಲ್ಲ ಎಂದು ಕೈ ಆಡಿಸತೊಡಗಿದ. ರಾಜೇಶ್ವರಿಯೂ ಹಾಗೇ. ಮದುವೆಯ ಮಾತು ನನ್ನ ಮುಂದೆಯೇ ನಡೆದಿದೆ, ಅವರ ಬಾಯಿ ಆಡುವುದನ್ನು ನೋಡುತ್ತ ಕಬ್ಬಿನ ದರದ ಮಾತು ಎಂದುಕೊಂಡು ಕೂತಿದ್ದೆ. ನಾನೂ ಕೇಳುವುದನ್ನು ಬಿಟ್ಟೆ. ನಾನು ಶಾಂತವಾಗಿಲ್ಲ ಶೋಭಾ. ಬಾಳವ್ವ ಉತ್ತರ ಬರದಿದ್ದರೂ ಕೂಗುತ್ತಾಳೆ, ನಾನು ಬಿಟ್ಟುಬಿಟ್ಟೆ. ಇಬ್ಬರಲ್ಲಿ ಗಟ್ಟಿಗಿತ್ತಿ ಅವಳೇ.

ದೊಡ್ಡವ್ವ


ಹುಕ್ಕೇರಿ
29 ಜನವರಿ 2025

ದೊಡ್ಡವ್ವಾ,

ನಿನ್ನ ಕಾಗದವನ್ನು ಇವರ ಕೈಗೆ ಕೊಟ್ಟೆ. ಓದಿ ಜೇಬಿಗೆ ಹಾಕಿಕೊಂಡು ಕಚೇರಿಗೆ ಹೋದರು. ಮರುದಿನ ರಜೆ ಹಾಕಿ ಅವ್ವನನ್ನು ಗೋಕಾಕಕ್ಕೆ ಕರೆದೊಯ್ದರು. ಡಾಕ್ಟರು ಗುಳಿಗೆ ಎರಡು ಮಾಡಿದ್ದಕ್ಕೆ ಚೆನ್ನಾಗಿ ಬೈದು, ಮೊದಲಿಗಿಂತ ಕಡಿಮೆ ಬರೆದುಕೊಟ್ಟರು. ಮಾಲಕರ ಹತ್ತಿರ ಇವರೇ ಹೋಗಿ ತಿಂಗಳ ಕೊನೆಯ ತನಕ ಸಮಯ ಕೇಳಿದರು.

ನಾಲ್ಕೈದು ದಿನಕ್ಕೆ ಅತ್ತೆಯವರ ಕಣ್ಣಿಗೆ ಬೆಳಕು ಬಂತು. ಯಾರ ಮಗಳವ್ವಾ ನೀ ಎಂದು ಕೇಳಿದರು. ಖುಷಿಗೆ ನನಗೆ ಅಳು ಬಂತು. ಮರುದಿನ ಸಂಜೆ ಹಾಲು ಒಲೆಯ ಮೇಲಿತ್ತು, ಎದ್ದು ನಿಂತು ಕೈ ಎತ್ತಿ ಕೂಗತೊಡಗಿದರು. ನಾನು ಓಡಿ ಹೋಗಿ, ಅವರ ಮುಂದೆ ನಿಂತು, ನೀನು ಹೇಳಿದ ಉತ್ತರವನ್ನು ಹೇಳಿದೆ. ಎರಡು ಸಲ ಹೇಳಿದೆ. ನನ್ನನ್ನು ಕೈಯಿಂದ ಬದಿಗೆ ಸರಿಸಿ ಕೂಗುತ್ತಲೇ ಇದ್ದರು. ದೊಡ್ಡವ್ವ ಹೇಳಿದ್ದು ಸುಳ್ಳಾಯಿತು ಎಂದುಕೊಂಡೆ. ಮೇಲೆ ಮಾಲಕರ ಬಾಗಿಲು ತೆರೆದ ಸಪ್ಪಳವಾಯಿತು.

ಅಷ್ಟರಲ್ಲಿ ಇವರು ಹಿತ್ತಿಲಿಗೆ ಹೋದದ್ದನ್ನು ನೋಡಿದೆ. ಕಚೇರಿಯ ಅಂಗಿಯಲ್ಲೇ ನೀರಿನ ಟಾಕಿಯ ಹಿಂದೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತರು. ಅತ್ತೆಯವರಿಗೆ ಕಾಣದ ಹಾಗೆ, ತಗ್ಗಿನಲ್ಲಿ. ಅಲ್ಲಿಂದ ಗಂಟಲು ಹರಿಯುವ ಹಾಗೆ ಕೂಗಿದರು.

"ಉರಿ ಅಡಗಿಸೇನಿ, ಬಾಳವ್ವಾ."

ಹೆತ್ತ ತಾಯಿಯ ಹೆಸರನ್ನು ಹಿಡಿದು ಕೂಗಿದರು, ದೊಡ್ಡವ್ವಾ. ಓಣಿಯೆಲ್ಲ ಕೇಳಿತು.

ಅತ್ತೆಯವರ ಕೂಗು ಅಲ್ಲೇ ನಿಂತಿತು. ಎತ್ತಿದ ಕೈ ಇಳಿಸಿ ಸೆರಗಿಗೆ ಒರೆಸಿಕೊಂಡರು. ಕಿಟಕಿಯ ಕಡೆ ಬಾಗಿ, "ಮದಲ ಹೇಳಬಾರದೇನೋ, ಜೀವಾನ ಹೋಗಿತ್ತ ನನಗ" ಎಂದರು. ಆಮೇಲೆ ಕೂತು ಹಾಲು ಕುಡಿದರು. ಇವರು ಟಾಕಿಯ ಹಿಂದಿನಿಂದ ಬಹಳ ಹೊತ್ತು ಎದ್ದು ಬರಲಿಲ್ಲ. ಹೋಗಿ ನೋಡಿದರೆ ಮೊಣಕಾಲಿಗೆ ಮುಖ ಇಟ್ಟು ಅಳುತ್ತಿದ್ದರು.

ಈಗ ದಿನಾ ಹೀಗೇ. ಒಂದು ಕೂಗು, ಒಂದು ಉತ್ತರ, ಮುಗಿಯಿತು. ಇವರು ಬರುವುದು ತಡವಾದ ದಿನ ನಾನೇ ಟಾಕಿಯ ಹಿಂದೆ ಕೂರುತ್ತೇನೆ. ಮಾಲಕರು ಮನೆ ಬಿಡಿ ಎನ್ನುವ ಮಾತು ಬಿಟ್ಟಿದ್ದಾರೆ, ಅವರ ಮಗಳು ಮಹಡಿಯಿಂದ ತಾನೂ ಒಂದು ಸಲ ಉತ್ತರ ಕೊಟ್ಟಳು. ಅವ್ವನ ಬಾಯಿ ಅಡಗಿಸುವ ಅಪ್ಪನ ಬಗ್ಗೆ ಬರೆದ ನನ್ನ ವಿದ್ಯಾರ್ಥಿನಿಯನ್ನೂ ಕರೆದು, ಪಕ್ಕದಲ್ಲಿ ಕೂಡಿಸಿಕೊಂಡು, ಮನೆಯಲ್ಲಿ ಏನಾಗುತ್ತದೆ ಮಗಳೇ ಎಂದು ಕೇಳಿದೆ. ಅದರ ಬಗ್ಗೆ ನಿನಗೆ ಎದುರಿಗೇ ಹೇಳಬೇಕು.

ಎದುರಿಗೆ ಎಂದೆ, ಕಾಣಿಸಿತೇ? ಬಾ ದೊಡ್ಡವ್ವಾ. ನಾವಿಬ್ಬರೂ ಹೊರಗೆ ಹೋದಾಗ ಅತ್ತೆಯವರು ಕೂಗಿದರೆ ಸಾವಂತ್ರೆವ್ವನಿಗೆ ನಗು ಬಂದು ಉತ್ತರ ಕೊಡಲಾಗುವುದಿಲ್ಲ. ಆದರೆ ಅದಕ್ಕಾಗಿ ಕರೆಯುತ್ತಿಲ್ಲ. ಶಾಲೆಯಿಂದ ಒಂದು ಪಾಟಿ ತಂದಿದ್ದೇನೆ. ನೀನು ಏನದು ಎಂದು ಎಷ್ಟು ಸಲ ಕೇಳಿದರೂ ಅಷ್ಟು ಸಲ ಬರೆದು ತೋರಿಸುತ್ತೇನೆ. ನಾನು ಟೀಚರು, ಬರೆದು ಅಳಿಸಿ ಬರೆದು ನನಗೆ ದಣಿವಿಲ್ಲ.

ನಿನ್ನ
ಶೋಭಾ


ತುಕ್ಕಾನಟ್ಟಿ
4 ಫೆಬ್ರುವರಿ 2025

ಶೋಭಾ,

ನಿನ್ನ ಕಾಗದ ಹಿಡಿದುಕೊಂಡು ನೇರ ಗಾಣಕ್ಕೆ ಹೋದೆ. ಅಭಿಷೇಕನ ನಿಶ್ಚಯವನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಲಕ್ಷ್ಮಣನನ್ನು ಕೇಳಿದೆ. ಮೆಲ್ಲಗೆ ಕೇಳಿದೆ ಎಂದುಕೊಂಡಿದ್ದೆ. ಕೆಲಸದವರೆಲ್ಲ ತಿರುಗಿ ನೋಡಿದಾಗ ಎಷ್ಟು ಜೋರಾಗಿತ್ತು ಎಂದು ತಿಳಿಯಿತು. ಲಕ್ಷ್ಮಣ ಇಂಜಿನ್ ನಿಲ್ಲಿಸಿದ. ಒಲೆಯ ಹತ್ತಿರದಿಂದ ಒಂದು ಇದ್ದಿಲು ತಂದು ಗಾಣದ ಗೋಡೆಯ ಮೇಲೆ ಬರೆದ. ಅವ್ವಾ ತಪ್ಪಾತು ಎಂದು ಬರೆದ. ಕೆಳಗೆ ಹುಡುಗಿಯ ಹೆಸರು ಬರೆದ, ಮನೆತನ ಬರೆದ, ದಿನ ಬರೆದ. ರಾಜೇಶ್ವರಿ ಅವನ ಕೈಯಿಂದ ಇದ್ದಿಲು ಕಸಿದುಕೊಂಡು ಸೀರೆಯದನ್ನು ಬರೆದಳು. ನೀನು ಕೇಳಿದ್ದೆಯಲ್ಲ, ಹಸಿರು. ದಡಿ ಕೆಂಪು.

ಈಗ ಗೋಡೆ ಅರ್ಧ ಕಪ್ಪಾಗಿದೆ. ಕೇಳಬೇಕಾದ್ದು ಎರಡು ವರ್ಷದ್ದು ಬಾಕಿ ಇತ್ತು.

ನಿಶ್ಚಯದ ತನಕ ನಿನ್ನ ಹತ್ತಿರ ಇರುತ್ತೇನೆ, ಆಮೇಲೆ ಬಾಳವ್ವನನ್ನೂ ಕರೆದುಕೊಂಡು ಎಲ್ಲರೂ ಇಲ್ಲಿಗೆ ಬರೋಣ. ಆಕೆಯ ಕೂಗು ನನಗೆ ಕೇಳುವುದಿಲ್ಲ, ಹೀಗಾಗಿ ಬೇಸರವೂ ಇಲ್ಲ. ಆಕೆಯ ಕೈ ಮೇಲೆ ಹೋದದ್ದನ್ನು ನೋಡಿ ಟಾಕಿಯ ಹಿಂದೆ ಕೂರುತ್ತೇನೆ. ಆ ಕೆಲಸ ನನಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ಬೆಲ್ಲದ ಒಂದು ಪೆಂಟೆ ತರುತ್ತೇನೆ.

ರವಿವಾರ ಮುಂಜಾನೆಯ ಬಸ್ಸಿಗೆ ಲಕ್ಷ್ಮಣ ಹತ್ತಿಸುತ್ತಾನೆ. ಈ ಕಾಗದಕ್ಕೆ ಉತ್ತರ ಬರೆಯಬೇಡ, ನಾನೇ ಬರುತ್ತಿದ್ದೇನೆ. ನಿನ್ನ ಓಣಿಗೆ ಬಂದು ಹೊರಗಿನಿಂದಲೇ ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಎಷ್ಟು ಜೋರಾಗುತ್ತದೋ ನನಗೆ ತಿಳಿಯುವುದಿಲ್ಲ, ನಿಮ್ಮ ಮಾಲಕರಿಗೆ ಮೊದಲೇ ಹೇಳಿಡು. ನೀನು ಒಳಗಿನಿಂದ ಓ ಎಂದದ್ದು ನನಗೆ ಕೇಳುವುದಿಲ್ಲ. ಬಾಗಿಲಿಗೆ ಬಂದು ಕೈ ಎತ್ತು.

ದೊಡ್ಡವ್ವ